ಉತ್ತರ ಸರಿ, ಅಂಕ ಯಾಕಿಲ್ಲ?

ಈ ಪುಟವನ್ನು ಓದುವ ಮೊದಲು ಒಂದು ಪೆನ್ಸಿಲು ಕೈಗೆ ತೆಗೆದುಕೊಳ್ಳಿ. ಆರು ಮಂದಿ ಮಕ್ಕಳಿದ್ದಾರೆ. ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ಕಿತ್ತಳೆ ಹಣ್ಣು ಕೊಡಬೇಕು. ಒಟ್ಟು ಎಷ್ಟು ಹಣ್ಣು ಬೇಕು? ಉತ್ತರವನ್ನಷ್ಟೇ ಬರೆದರೆ ಸಾಲದು, ಲೆಕ್ಕವನ್ನು ಒಂದು ಸಾಲಿನಲ್ಲಿ ಬರೆಯಿರಿ. ಬರೆದಿರಾ?

ನಿಮ್ಮಲ್ಲಿ ಕೆಲವರು 6 × 4 = 24 ಎಂದು ಬರೆದಿರುತ್ತೀರಿ, ಕೆಲವರು 4 × 6 = 24 ಎಂದು. ಇವೆರಡರಲ್ಲಿ ಯಾವುದು ಸರಿ ಎಂದು ಕೇಳಿದರೆ ‘ಇದೂ ಒಂದು ಪ್ರಶ್ನೆಯೇ?’ ಎಂದು ನಕ್ಕುಬಿಡುತ್ತೀರಿ. ಆದರೆ ಇದೇ ಲೆಕ್ಕ 1972ರ ಜನವರಿಯಲ್ಲಿ ಜಪಾನಿನ ದೊಡ್ಡ ದಿನಪತ್ರಿಕೆ ‘ಅಸಾಹಿ’ಯಲ್ಲಿ ಸುದ್ದಿಯಾಯಿತು. ಒಸಾಕಾ ಪ್ರಾಂತದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು 6 × 4 = 24 ಎಂದು ಬರೆದಿದ್ದರು. ಅದಕ್ಕೆ ತಪ್ಪು ಗುರುತು ಬಿತ್ತು. 4 × 6 ಎಂದು ಬರೆದರೆ ಮಾತ್ರ ಸರಿಯಂತೆ! ಅಂದು ಎದ್ದ ವಾದ ಅರ್ಧ ಶತಮಾನ ದಾಟಿದರೂ ಆ ದೇಶದಲ್ಲಿ ಪೂರ್ತಿ ತಣ್ಣಗಾಗಿಲ್ಲ.

ಗಣಿತದ ಅಂಕಗಳ ಬಗ್ಗೆ ನಾವು ಮಾಡಿದ ಮಾತುಕತೆಯ ಕಾರ್ಯಕ್ರಮದಲ್ಲಿ ಈ ಕಥೆಗೆ ಸಿಕ್ಕಿದ್ದು ಎರಡೇ ನಿಮಿಷ. ಗಡಿಯಾರ ನೋಡಿ ಕೈಸನ್ನೆ ಮಾಡಿ ಅತಿಥಿಗಳ ಮಾತು ನಿಲ್ಲಿಸಿದವನು ನಾನೇ ಆದ್ದರಿಂದ, ಉಳಿದದ್ದನ್ನು ಇಲ್ಲಿ ಹೇಳುವ ಹೊಣೆಯೂ ನನ್ನದೇ.

ಮೊದಲಿಗೆ, ಆ ಶಿಕ್ಷಕರ ಪಕ್ಷವನ್ನು ನ್ಯಾಯವಾಗಿ ಕೇಳೋಣ. ಅವರು ಮೂರ್ಖರಾಗಿರಲಿಲ್ಲ. ಜಪಾನಿನ ಶಾಲೆಗಳಲ್ಲಿ ಗುಣಾಕಾರವನ್ನು ‘ಒಂದು ಪಾಲಿನ ಗಾತ್ರ × ಪಾಲುಗಳ ಸಂಖ್ಯೆ’ ಎಂಬ ಕ್ರಮದಲ್ಲಿ ಕಲಿಸುತ್ತಾರೆ. ಒಬ್ಬನ ಪಾಲು ನಾಲ್ಕು ಹಣ್ಣು, ಅಂಥ ಪಾಲುಗಳು ಆರು. ಆದ್ದರಿಂದ 4 × 6. ನಮ್ಮ ಹಳೆಯ ಅಂಕಗಣಿತದ ಪುಸ್ತಕಗಳ ಮಾತಿನಲ್ಲಿ ಹೇಳುವುದಾದರೆ ಗುಣ್ಯ ಮೊದಲು, ಗುಣಕ ಆಮೇಲೆ. ಪ್ರಶ್ನೆಯಲ್ಲಿ ಆರನ್ನು ಮೊದಲು, ನಾಲ್ಕನ್ನು ಆಮೇಲೆ ಇಟ್ಟದ್ದರಲ್ಲೂ ಒಂದು ಉದ್ದೇಶವಿತ್ತು. ಎಷ್ಟೋ ಮಕ್ಕಳು ವಾಕ್ಯವನ್ನು ಓದುವುದೇ ಇಲ್ಲ. ಕಣ್ಣಿಗೆ ಬಿದ್ದ ಎರಡು ಅಂಕಿಗಳನ್ನು ಬಿದ್ದ ಕ್ರಮದಲ್ಲೇ ಎತ್ತಿಕೊಂಡು ನಡುವೆ ಒಂದು ಗುಣಾಕಾರದ ಚಿಹ್ನೆ ಹಾಕುತ್ತಾರೆ. ಈ ಪಾಠ ಗುಣಾಕಾರದ್ದು ಎಂದು ಗೊತ್ತಿದ್ದರೆ ಸಾಕು, ಉತ್ತರ ತಾನಾಗಿ ಬರುತ್ತದೆ. ಅಂಥವರನ್ನು ಹಿಡಿಯಲು ಶಿಕ್ಷಕರು ಈ ಬಲೆ ಬೀಸಿದ್ದರು. ಪಾಠ ಮಾಡಿ ಗೊತ್ತಿರುವ ಯಾರಿಗಾದರೂ ಈ ಕಷ್ಟ ಅರ್ಥವಾಗುತ್ತದೆ.

ಆದರೆ ಬಲೆಯಲ್ಲಿ ಸಿಕ್ಕಿದ್ದು ಯಾವ ಮೀನು? ಈ ಪ್ರಶ್ನೆಯನ್ನು ಕೇಳಿದವರು ತೋಯಾಮಾ ಹಿರಾಕು. ಟೋಕಿಯೊ ತಾಂತ್ರಿಕ ವಿದ್ಯಾಲಯದಲ್ಲಿ ಗಣಿತ ಪ್ರಾಧ್ಯಾಪಕರಾಗಿದ್ದವರು, ಶಾಲಾ ಗಣಿತದ ಸುಧಾರಣೆಗಾಗಿ ಬಹಳ ದುಡಿದವರು. ಅದೇ 1972ರಲ್ಲಿ ಅವರು ಈ ವಿವಾದದ ಬಗ್ಗೆ ಬರೆದರು. ಅವರ ವಾದ ಎಷ್ಟು ಸರಳವೆಂದರೆ ಇಸ್ಪೀಟು ಆಡಿದವರಿಗೆಲ್ಲ ತಕ್ಷಣ ತಿಳಿಯುತ್ತದೆ. ಎಲೆ ಹಂಚುವಾಗ ಒಬ್ಬನಿಗೆ ನಾಲ್ಕೂ ಎಲೆಗಳನ್ನು ಕೊಟ್ಟು ಮುಗಿಸಿ ಇನ್ನೊಬ್ಬನ ಬಳಿಗೆ ಹೋಗುತ್ತೀರಾ? ಇಲ್ಲ. ಆರು ಮಂದಿಗೂ ಒಂದೊಂದು ಎಲೆ ಹಾಕುತ್ತೀರಿ, ಅದು ಒಂದು ಸುತ್ತು. ಒಂದು ಸುತ್ತಿಗೆ ಆರು ಎಲೆ. ಅಂಥ ಸುತ್ತುಗಳು ನಾಲ್ಕು. ಕಿತ್ತಳೆಯನ್ನೂ ಹಾಗೆಯೇ ಹಂಚಿದರೆ ಒಂದು ಪಾಲಿನ ಗಾತ್ರ ಆರು, ಪಾಲುಗಳು ನಾಲ್ಕು. ಅಂದರೆ ಶಾಲೆಯದೇ ನಿಯಮದಂತೆ 6 × 4 ಸರಿ! ಆ ಮಗು ಹಾಗೆ ಯೋಚಿಸಿತ್ತೋ, ಅಂಕಿಗಳನ್ನು ಸುಮ್ಮನೆ ಎತ್ತಿಟ್ಟಿತ್ತೋ, ಬರೆದ ಸಾಲನ್ನು ನೋಡಿ ಹೇಳಲು ಸಾಧ್ಯವೇ ಇಲ್ಲ. 4 × 6 ಎಂದು ಬರೆದ ಮಗುವಿನ ವಿಷಯದಲ್ಲೂ ಅಷ್ಟೆ. ‘ಕೇಳಿದ ವಸ್ತುವಿನ ಅಂಕಿಯನ್ನು ಮೊದಲು ಬರೆ’ ಎಂಬ ಒಳದಾರಿಯನ್ನು ಮಕ್ಕಳು ಬೇಗ ಕಂಡುಕೊಳ್ಳುತ್ತಾರೆ. ಹಣ್ಣು ಕೇಳಿದ್ದಾರೆ, ಹಣ್ಣಿನ ಅಂಕಿ ಮೊದಲು, ಮುಗಿಯಿತು. ಇದರಲ್ಲಿ ಅರ್ಥವಾದದ್ದೆಲ್ಲಿ?

ಈಗ ಸಾಗರ ದಾಟಿ ಅಮೆರಿಕಕ್ಕೆ ಹೋಗೋಣ. 2015ರ ಅಕ್ಟೋಬರಿನಲ್ಲಿ ಅಲ್ಲಿನ ಒಂದು ಮಗುವಿನ ಉತ್ತರ ಪತ್ರಿಕೆಯ ಚಿತ್ರ ಜಗತ್ತೆಲ್ಲ ಸುತ್ತಿತು. 5 × 3 ಅನ್ನು ಪುನರಾವರ್ತಿತ ಸಂಕಲನದಿಂದ ಬಿಡಿಸಬೇಕಿತ್ತು. ಮಗು 5 + 5 + 5 = 15 ಎಂದು ಬರೆದಿತ್ತು. ಶಿಕ್ಷಕರು ಒಂದು ಅಂಕ ಕಳೆದು 3 + 3 + 3 + 3 + 3 ಎಂದು ತಿದ್ದಿದ್ದರು. ಕಾರಣ, ಆ ದೇಶದ ಹಲವು ರಾಜ್ಯಗಳು ಒಪ್ಪಿಕೊಂಡಿರುವ ಪಠ್ಯಕ್ರಮದ ಮಾನದಂಡದಲ್ಲಿ 5 × 7 ಎಂದರೆ ಏಳೇಳು ವಸ್ತುಗಳ ಐದು ಗುಂಪು ಎಂದು ವಿವರಿಸಿದೆ. ಗುಂಪುಗಳ ಸಂಖ್ಯೆ ಮೊದಲು, ಗುಂಪಿನ ಗಾತ್ರ ಆಮೇಲೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಆ ಮಗು ಜಪಾನಿನಲ್ಲಿ 5 + 5 + 5 ಎಂದು ಬರೆದಿದ್ದರೆ ಪೂರ್ಣಾಂಕ. ಜಪಾನಿನ ಮಗು ಅಮೆರಿಕದಲ್ಲಿ 6 × 4 ಎಂದು ಬರೆದಿದ್ದರೆ ಪೂರ್ಣಾಂಕ. ಪೆಸಿಫಿಕ್ ಸಾಗರದ ಒಂದು ದಡದಲ್ಲಿ ಸರಿಯಾದದ್ದು ಇನ್ನೊಂದು ದಡದಲ್ಲಿ ತಪ್ಪು. ಗಣಿತದ ಸತ್ಯ ಹೀಗೆ ಪಾಸ್‌ಪೋರ್ಟು ನೋಡಿ ಬದಲಾಗುವುದಿಲ್ಲ. ಹಾಗಾದರೆ ಬದಲಾದದ್ದು ಗಣಿತವಲ್ಲ, ಬೇರೇನೋ.

ಬದಲಾದದ್ದು ಭಾಷೆ ಎಂಬುದು ನನ್ನ ಊಹೆ. ನಮ್ಮ ಮಗ್ಗಿಯನ್ನೇ ನೆನಪು ಮಾಡಿಕೊಳ್ಳಿ. ನಾಲ್ಕೊಂದ್ಲ ನಾಲ್ಕು, ನಾಲ್ಕೆರಡ್ಲ ಎಂಟು, ನಾಲ್ಕ್ಮೂರ್ಲ ಹನ್ನೆರಡು. ಪ್ರತಿ ಹೆಜ್ಜೆಗೂ ನಾಲ್ಕು ಸೇರುತ್ತ ಹೋಗುತ್ತದೆ. ಅಂದರೆ ಮೊದಲು ಹೇಳಿದ ನಾಲ್ಕು ಪಾಲಿನ ಗಾತ್ರ, ಆಮೇಲೆ ಹೇಳಿದ್ದು ಎಷ್ಟು ಸಲ ಎಂಬುದು. ‘ನಾಲ್ಕರ ಆರು ಪಟ್ಟು’ ಎನ್ನುವಾಗಲೂ ಇದೇ ಕ್ರಮ. ಜಪಾನೀ ಭಾಷೆಯ ವಾಕ್ಯವೂ ಹೀಗೆಯೇ ಸಾಗುತ್ತದೆ. ಇಂಗ್ಲಿಷಿನಲ್ಲಿ ‘ಫೋರ್ ಟೈಮ್ಸ್ ಸಿಕ್ಸ್’ ಎಂದರೆ ನಾಲ್ಕು ಸಲ ಆರು. ಎಣಿಕೆ ಮೊದಲು, ವಸ್ತು ಆಮೇಲೆ. ಇದರಲ್ಲೊಂದು ತಮಾಷೆಯಿದೆ. ನಮ್ಮ ಇಂಗ್ಲಿಷ್ ಮಾಧ್ಯಮದ ಮಕ್ಕಳು ನಾಲ್ಕರ ಮಗ್ಗಿಯನ್ನು ‘ಫೋರ್ ಸಿಕ್ಸಸ್ ಆರ್ ಟ್ವೆಂಟಿಫೋರ್’ ಎಂದು ರಾಗವಾಗಿ ಹೇಳುತ್ತಾರೆ. ಪದಶಃ ಅರ್ಥ ಮಾಡಿದರೆ ಅದು ನಾಲ್ಕು ಆರುಗಳು! ಒಂದೇ ಬೀದಿಯ ಎರಡು ಶಾಲೆಗಳಲ್ಲಿ, ಒಂದೇ ಮಗ್ಗಿಯನ್ನು, ಎರಡು ಅರ್ಥದಲ್ಲಿ ಹಾಡುತ್ತಿದ್ದೇವೆ. ಇದುವರೆಗೆ ಯಾರ ಅಂಗಡಿ ಲೆಕ್ಕವೂ ಕೆಟ್ಟಿಲ್ಲ.

ಒಲಿಂಪಿಕ್ ಕ್ರೀಡೆಗಳ 4 × 100 ಮೀಟರ್ ರಿಲೇ ಓಟವನ್ನು ನೋಡಿ. ನಾಲ್ವರು, ತಲಾ ನೂರು ಮೀಟರ್. ಜಪಾನಿನ ಶಾಲಾ ಕ್ರಮದಲ್ಲಿ ಇದನ್ನು 100 × 4 ಎಂದು ಬರೆಯಬೇಕು. ಇದು ಜಪಾನಿನ ಶಿಕ್ಷಣ ಸಚಿವಾಲಯಕ್ಕೂ ಗೊತ್ತು. ಪ್ರಾಥಮಿಕ ಗಣಿತದ ಪಠ್ಯಕ್ರಮಕ್ಕೆ 2017ರಲ್ಲಿ ಅದು ಹೊರಡಿಸಿದ ವಿವರಣೆಯಲ್ಲಿ ಈ ರಿಲೇಯನ್ನೇ ಉದಾಹರಿಸಿ, ವಿದೇಶಗಳಲ್ಲಿ ಬಹುಕಾಲ ಇದ್ದು ಬಂದ ಮಕ್ಕಳಿಗೆ ಕಲಿಸುವಾಗ, ಉಲ್ಟಾ ಕ್ರಮದಲ್ಲಿ ಬರೆಯುವ ಭಾಷೆಗಳಿವೆ ಎಂಬುದನ್ನು ಗಮನದಲ್ಲಿಡಿ ಎಂದು ಹೇಳಿದೆ. ಸನ್ನಿವೇಶವನ್ನು ಲೆಕ್ಕದ ರೂಪಕ್ಕೆ ತರುವಾಗ ಕ್ರಮಕ್ಕೆ ಮಹತ್ವ ಕೊಡಬೇಕು, ಉತ್ತರ ಕಂಡುಹಿಡಿಯುವಾಗ ಅಂಕಿಗಳನ್ನು ಅದಲುಬದಲು ಮಾಡಬಹುದು ಎಂಬುದು ಅದರ ನಿಲುವು. ಉಲ್ಟಾ ಬರೆದರೆ ಅಂಕ ಕಳೆಯಬೇಕೇ? ಆ ಕೆಂಪು ಗೆರೆ ಎಳೆಯುವ ಕೈ ಕೊನೆಗೂ ತರಗತಿಯ ಶಿಕ್ಷಕರದ್ದೇ.

ಇಲ್ಲಿ ನನ್ನದೊಂದು ಹಳೆಯ ನೋವನ್ನೂ ಹೇಳಿಬಿಡುತ್ತೇನೆ. ಆರನೆಯ ತರಗತಿಯಲ್ಲಿದ್ದೆ. ಒಂದು ಪುಸ್ತಕಕ್ಕೆ 8 ರೂಪಾಯಿ, 12 ಪುಸ್ತಕಕ್ಕೆ ಎಷ್ಟು ಎಂಬ ಲೆಕ್ಕ. 12 × 8 = 96 ರೂಪಾಯಿ ಎಂದು ಬರೆದೆ. ಎರಡು ಅಂಕದಲ್ಲಿ ಒಂದು ಹೋಯಿತು. ಕೇಳಿದ್ದಕ್ಕೆ ‘ಪುಸ್ತಕವನ್ನು ಗುಣಿಸಿದರೆ ಪುಸ್ತಕ ಬರುತ್ತೆ, ರೂಪಾಯಿ ಹೇಗೆ ಬರುತ್ತೆ?’ ಎಂದರು. ತರಗತಿ ನಕ್ಕಿತು. ಒಂದು ಅಂಕ ಹೋದದ್ದಕ್ಕಿಂತ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಅದಕ್ಕೆ ಹಿಂದಿನ ವಾರವಷ್ಟೇ ಅದೇ ಗುರುಗಳು, ಎರಡು ಸಂಖ್ಯೆಗಳನ್ನು ಯಾವ ಕ್ರಮದಲ್ಲಿ ಗುಣಿಸಿದರೂ ಗುಣಲಬ್ಧ ಒಂದೇ, ಇದಕ್ಕೆ ಪರಿವರ್ತನೀಯ ನಿಯಮವೆನ್ನುತ್ತಾರೆ ಎಂದು ಕಪ್ಪುಹಲಗೆಯ ಮೇಲೆ ಬರೆಸಿದ್ದರು. ಯಾವುದನ್ನು ನಂಬಬೇಕು? ಅಂದಿನಿಂದ ಪದವಿ ಮುಗಿಯುವವರೆಗೂ ಗಣಿತದಲ್ಲಿ ನಾನು ಉತ್ತರದ ಜೊತೆಗೆ ಗುರುಗಳ ಮುಖವನ್ನೂ ನೋಡುತ್ತಿದ್ದೆ. ಒಳ್ಳೆಯ ಅಂಕಗಳೂ ಬಂದವು. ಆದರೆ ಅದು ಗಣಿತ ಕಲಿಯುವ ರೀತಿಯಲ್ಲ ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಗೊಂದಲದ ಬೇರು ಎಲ್ಲಿದೆ ಎಂಬುದನ್ನು ಈಗ ನೋಡಬಹುದು. ಗಣಿತದಲ್ಲಿ ಎರಡು ಬಗೆಯ ಮಾತುಗಳಿವೆ. ಒಂದು ಪ್ರಮೇಯ, ಇನ್ನೊಂದು ಒಪ್ಪಂದ. 6 × 4 ಮತ್ತು 4 × 6 ಸಮ ಎಂಬುದು ಪ್ರಮೇಯ. ಅದನ್ನು ಸಾಧಿಸಿ ತೋರಿಸಬಹುದು. ಸ್ಟುಡಿಯೋದಲ್ಲಿ ನಾವು ಮಾಡಿದ್ದು ಇಷ್ಟೆ. ಮೇಜಿನ ಮೇಲೆ 24 ಕಿತ್ತಳೆಗಳನ್ನು ಆಯತಾಕಾರವಾಗಿ ಜೋಡಿಸಿದೆವು. ಎದುರಿನ ಕ್ಯಾಮೆರಾಕ್ಕೆ ಆರಾರು ಹಣ್ಣಿನ ನಾಲ್ಕು ಸಾಲು ಕಂಡಿತು, ಪಕ್ಕದ ಕ್ಯಾಮೆರಾಕ್ಕೆ ನಾಲ್ಕು ನಾಲ್ಕು ಹಣ್ಣಿನ ಆರು ಸಾಲು. ಒಂದು ಹಣ್ಣನ್ನೂ ಯಾರೂ ಮುಟ್ಟಲಿಲ್ಲ. (ಚಿತ್ರೀಕರಣ ಮುಗಿದ ಮೇಲೆ ಮುಟ್ಟಿದವರ ಹೆಸರು ಹೇಳುವುದಿಲ್ಲ.) ಆದರೆ ಪಾಲಿನ ಗಾತ್ರವನ್ನು ಎಡಗಡೆ ಬರೆಯಬೇಕೇ ಬಲಗಡೆ ಬರೆಯಬೇಕೇ ಎಂಬುದು ಒಪ್ಪಂದ. ರಸ್ತೆಯ ಎಡಬದಿಯಲ್ಲಿ ಹೋಗುವುದು ಬಲಬದಿಗಿಂತ ಹೆಚ್ಚು ಸತ್ಯವೇನಲ್ಲ. ಸ್ವೀಡನ್ ದೇಶ 1967ರಲ್ಲಿ ಒಂದೇ ದಿನದಲ್ಲಿ ಎಡದಿಂದ ಬಲಕ್ಕೆ ಬದಲಾಯಿತು.

ಕಾಲೇಜಿನಲ್ಲಿರುವವರಿಗೆ ಇನ್ನೂ ಸೊಗಸಾದ ಉದಾಹರಣೆಯಿದೆ. ಕ್ರಮ ಬದಲಾದರೆ ಉತ್ತರವೇ ಬದಲಾಗುವ ಗುಣಾಕಾರಗಳೂ ಇವೆ. ಮಾತೃಕೆಗಳ ಗುಣಾಕಾರವನ್ನು ನೀವು ಬಲ್ಲಿರಿ. ಜಾರ್ಜ್ ಕ್ಯಾಂಟರ್ ಅನಂತದ ಕ್ರಮಸಂಖ್ಯೆಗಳನ್ನು ಸೃಷ್ಟಿಸಿದಾಗಲೂ ಹೀಗೇ ಆಯಿತು. ಕೊನೆಯಿಲ್ಲದ ಒಂದು ಸರದಿ ಸಾಲನ್ನು ಕಲ್ಪಿಸಿಕೊಳ್ಳಿ. ಇಬ್ಬಿಬ್ಬರ ಜೋಡಿಗಳನ್ನು ಕೊನೆಯಿಲ್ಲದಷ್ಟು ಸಲ ಒಂದರ ಹಿಂದೊಂದು ನಿಲ್ಲಿಸಿದರೆ ಸಿಗುವುದು ಮತ್ತೆ ಅಂಥದೇ ಒಂದು ಸಾಲು. ಆದರೆ ಕೊನೆಯಿಲ್ಲದ ಸಾಲನ್ನೇ ಎರಡು ಸಲ, ಒಂದಾದ ಮೇಲೊಂದು ನಿಲ್ಲಿಸಿದರೆ? ಎರಡನೆಯ ಸಾಲಿನ ಮೊದಲಿಗನ ಮುಂದೆಯೇ ಅನಂತ ಮಂದಿ ನಿಂತಿರುತ್ತಾರೆ; ಅವನ ಸರದಿ ಎಣಿಕೆಗೆ ಸಿಗುವುದಿಲ್ಲ. ಎರಡೂ ಬೇರೆ ಬೇರೆ. ಇಲ್ಲಿ ಕ್ರಮ ಜೀವನ್ಮರಣದ ಪ್ರಶ್ನೆ. ಆದರೂ ಗುಣಕವನ್ನು ಯಾವ ಕಡೆ ಬರೆಯಬೇಕೆಂಬ ವಿಷಯದಲ್ಲಿ ಕ್ಯಾಂಟರ್ 1883ರ ತನ್ನ ಗ್ರಂಥದಲ್ಲಿ ಒಂದು ರೀತಿ ಅನುಸರಿಸಿ, 1890ರ ದಶಕದ ಲೇಖನಗಳಲ್ಲಿ ಅದನ್ನು ತಿರುಗಿಸಿಬಿಟ್ಟ. ಪ್ರಮೇಯಗಳು ಅಲುಗಲಿಲ್ಲ, ಬರೆಯುವ ರೀತಿ ಮಾತ್ರ ಬದಲಾಯಿತು.

ಒಪ್ಪಂದವೆಂದ ಕೂಡಲೇ ಅದು ಹಗುರವಾದದ್ದು, ಮನಬಂದಂತೆ ಮುರಿಯಬಹುದು ಎಂದು ತಿಳಿಯಬೇಡಿ. ಕೆಲವು ಒಪ್ಪಂದಗಳ ಹಿಂದೆ ಗಟ್ಟಿಯಾದ ಕಾರಣವಿರುತ್ತದೆ. 1 ಅವಿಭಾಜ್ಯ ಸಂಖ್ಯೆಯಲ್ಲ ಎಂದು ನಿಮ್ಮ ಪುಸ್ತಕ ಹೇಳುತ್ತದೆ. 1914ರಲ್ಲಿ ಡಿ. ಎನ್. ಲೇಮರ್ ಎಂಬ ಅಮೆರಿಕದ ಗಣಿತಜ್ಞ ಪ್ರಕಟಿಸಿದ, ಒಂದು ಕೋಟಿ ದಾಟುವ ಅವಿಭಾಜ್ಯಗಳ ಪಟ್ಟಿ ಶುರುವಾಗುವುದೇ 1ರಿಂದ! ಈಗ ಅದನ್ನು ಹೊರಗಿಟ್ಟಿರುವುದೇಕೆ? 12ನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ರೀತಿ ಒಡೆಯಬಹುದು: 2 × 2 × 3. ಒಂದನ್ನು ಒಳಗೆ ಬಿಟ್ಟರೆ 1 × 2 × 2 × 3, 1 × 1 × 2 × 2 × 3 ಎಂದು ಕೊನೆಯೇ ಇಲ್ಲ. ಪ್ರತಿ ಪ್ರಮೇಯಕ್ಕೂ ‘ಒಂದನ್ನು ಬಿಟ್ಟು’ ಎಂಬ ಬಾಲ ಅಂಟಿಸಬೇಕಾಗುತ್ತದೆ. ಕಾರಣ ಗೊತ್ತಾದರೆ ಈ ನಿಯಮವನ್ನು ಯಾರೂ ಬಾಯಿಪಾಠ ಮಾಡಬೇಕಿಲ್ಲ.

ಬೋಡ್‌ಮಾಸ್ ಕೂಡ ಇಂಥದೇ. 2 + 3 × 4 ಎಂಬಲ್ಲಿ ಗುಣಾಕಾರ ಮೊದಲು, ಉತ್ತರ 14. ಈ ಒಪ್ಪಂದವಿಲ್ಲದಿದ್ದರೆ ಬೀಜಗಣಿತದ ಪ್ರತಿ ಪದಕ್ಕೂ ಆವರಣ ಹಾಕಿ ಕೈ ಸೋಲುತ್ತಿತ್ತು. ಆದರೆ ಈ ನೆನಪಿನ ಸೂತ್ರವೇ ಎಷ್ಟೋ ಮಂದಿಯನ್ನು ದಾರಿ ತಪ್ಪಿಸಿದೆ. ಅದರಲ್ಲಿ ಕೂಡುವುದರ ಅಕ್ಷರ ಕಳೆಯುವುದರ ಅಕ್ಷರಕ್ಕಿಂತ ಮೊದಲು ಬರುತ್ತದೆಂದು 10 − 4 + 3 ಅನ್ನು 3 ಎಂದು ಮಾಡುವವರನ್ನು ಕಾಲೇಜಿನಲ್ಲೂ ಕಂಡಿದ್ದೇನೆ. ಕೂಡುವುದು ಕಳೆಯುವುದು ಸಮಾನ ದರ್ಜೆಯವು, ಎಡದಿಂದ ಬಲಕ್ಕೆ ಹೋಗಬೇಕು, ಉತ್ತರ 9. ಭಾಗಾಕಾರ ಗುಣಾಕಾರಗಳೂ ಹಾಗೆಯೇ. ಅಮೆರಿಕದ ಮಕ್ಕಳು ಕಲಿಯುವ ಪೆಮ್‌ಡಾಸ್ ಸೂತ್ರದಲ್ಲಿ ಗುಣಾಕಾರದ ಅಕ್ಷರವೇ ಮೊದಲು! ಇನ್ನು ಎರಡನೆಯ ಅಕ್ಷರ ‘ಓ’. ನಮ್ಮ ಪುಸ್ತಕಗಳಲ್ಲಿ ಅದು ‘ಆಫ್’, ಅಂದರೆ ‘ರ’ ಎಂಬ ವಿಭಕ್ತಿ. ಬ್ರಿಟನ್ನಿನಲ್ಲಿ ‘ಆರ್ಡರ್’, ಅಂದರೆ ಘಾತ. ಇದರಿಂದೇನು ಎನ್ನುವಿರಾ? ‘12 ÷ 6ರ ½’ ಎಂಬ ಲೆಕ್ಕದಲ್ಲಿ ನಮ್ಮ ನಿಯಮದಂತೆ ಮೊದಲು 6ರ ಅರ್ಧ 3, ಉತ್ತರ 4. ಆ ‘ರ’ವನ್ನು ಬರಿಯ ಗುಣಾಕಾರವೆಂದು ಎಣಿಸಿ 12 ÷ ½ × 6 ಎಂದು ಎಡದಿಂದ ಮಾಡುತ್ತ ಹೋದರೆ 144.

2019ರ ಬೇಸಿಗೆಯಲ್ಲಿ ಜಗತ್ತನ್ನೇ ಜಗಳಕ್ಕೆ ಹಚ್ಚಿದ 8 ÷ 2(2 + 2) ಎಂಬ ಲೆಕ್ಕದ ಗುಟ್ಟೂ ಇಲ್ಲೇ ಇದೆ. ಎಡದಿಂದ ಬಂದರೆ 16; ಚಿಹ್ನೆಯಿಲ್ಲದೆ ಅಂಟಿಕೊಂಡ 2(2 + 2) ಅನ್ನು ಒಂದೇ ಗಂಟೆಂದು ತಿಳಿದರೆ 1. ಕ್ಯಾಲ್ಕುಲೇಟರನ್ನು ಕೇಳೋಣವೆಂದರೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯದೇ ಟಿಐ-82 ಒಂದು ನಿಯಮ ಪಾಲಿಸುತ್ತದೆ, ಟಿಐ-83 ಇನ್ನೊಂದನ್ನು. ಇದು ಗಣಿತದ ಒಗಟಲ್ಲ, ಅಸ್ಪಷ್ಟವಾಗಿ ಬರೆದ ವಾಕ್ಯ. ಈ ÷ ಚಿಹ್ನೆಯನ್ನು 1659ರಲ್ಲಿ ಯೋಹಾನ್ ರಾನ್ ಭಾಗಾಕಾರಕ್ಕೆ ಬಳಸಿದ. ಡೆನ್ಮಾರ್ಕ್, ನಾರ್ವೆಗಳಲ್ಲಿ ಅದೇ ಚಿಹ್ನೆ ಕಳೆಯುವುದಕ್ಕೂ ಬಳಕೆಯಲ್ಲಿತ್ತು. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯಂತೂ ಈ ಚಿಹ್ನೆಯನ್ನು ಬಳಸಲೇಬಾರದು ಎನ್ನುತ್ತದೆ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ನಿಮ್ಮ ಪಠ್ಯಪುಸ್ತಕದ ನಿಯಮವನ್ನೇ ಪಾಲಿಸಿ. ನೀವೇ ಬರೆಯುವಾಗ ಮಾತ್ರ ಒಂದು ಜೊತೆ ಆವರಣ ಹೆಚ್ಚಿಗೆ ಹಾಕಿ.

ಹಾಗಾದರೆ ಅಂಕ ಹೇಗೆ ಕೊಡಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರೂ ಇದ್ದಾರೆ; ಕಾರ್ಯಕ್ರಮದ ಅತಿಥಿಗಳಲ್ಲೇ ಒಬ್ಬರು ಒಪ್ಪಲಿಲ್ಲ. 10 − 4 + 3 = 3 ಎಂದವನಿಗೆ ಅಂಕ ಕಳೆಯಲೇಬೇಕು. ಆ ಒಪ್ಪಂದ ಎಲ್ಲರದು. ಮುರಿದರೆ ಅವನು ಬರೆದದ್ದನ್ನು ಇನ್ನೊಬ್ಬ ಬೇರೆಯಾಗಿ ಓದುತ್ತಾನೆ. 6 × 4 ಎಂದು ಬರೆದವನನ್ನು ಯಾರೂ ತಪ್ಪಾಗಿ ಓದುವುದಿಲ್ಲ. ಅಲ್ಲಿ ಕಳೆದ ಅಂಕ ಗಣಿತದ ತಪ್ಪಿಗಲ್ಲ, ತರಗತಿಯ ರೂಢಿ ಮೀರಿದ್ದಕ್ಕೆ. ಮಗುವಿಗೆ ಅರ್ಥವಾಗಿದೆಯೇ ಎಂದು ತಿಳಿಯುವ ಆಸೆ ನಿಜವಾಗಿಯೂ ಇದ್ದರೆ, ಕೇಳಿದರಾಯಿತು: ‘ಚಿತ್ರ ಬರೆದು ತೋರಿಸು’, ‘ಇಲ್ಲಿ 6 ಎಂದರೆ ಏನು?’ ಅರವತ್ತು ಮಕ್ಕಳ ತರಗತಿಯಲ್ಲಿ ಇದು ಹೇಗೆ ಸಾಧ್ಯ ಎಂದರು ಆ ಅತಿಥಿ. ಅವರು ಮೂವತ್ತು ವರ್ಷ ಪಾಠ ಮಾಡಿದವರು, ನಾನು ಒಂದು ದಿನವೂ ಮಾಡಿಲ್ಲ. ಅವರ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಕೇಳಲು ಸಮಯವಿಲ್ಲವೆಂಬುದು ಅಂಕ ಕಳೆಯಲು ಕಾರಣವಾಗಲಾರದು, ಸಂಶಯದ ಲಾಭವನ್ನು ಮಗುವಿಗೇ ಕೊಡಬೇಕು ಎಂಬುದರಿಂದ ನಾನು ಕದಲುವುದಿಲ್ಲ.

ನಿಮ್ಮ ಅಂಕ ಹೀಗೆ ಹೋದರೆ ಜಗಳಕ್ಕೆ ಹೋಗಬೇಡಿ. ಎಲೆ ಹಂಚಿದ ಹಾಗೆ ನಾಲ್ಕು ಸುತ್ತಿನ ಚಿತ್ರ ಬರೆದುಕೊಂಡು ಹೋಗಿ, ‘ನಾನು ಹೀಗೆ ಯೋಚಿಸಿದೆ’ ಎಂದು ತೋರಿಸಿ. ಇದು ಪ್ರಮೇಯವೋ ಒಪ್ಪಂದವೋ, ಒಪ್ಪಂದವಾದರೆ ಅದರ ಕಾರಣವೇನು ಎಂದು ವಿನಯದಿಂದ ಕೇಳಿ. ಹಲವು ಗುರುಗಳು ಈ ಪ್ರಶ್ನೆಯನ್ನು ಇಷ್ಟಪಡುತ್ತಾರೆ. ಕೆಲವರು ಇಷ್ಟಪಡುವುದಿಲ್ಲ, ಆಗ ಅವರ ರೂಢಿಯಂತೆಯೇ ಬರೆದು ಅಂಕ ತೆಗೆದುಕೊಳ್ಳಿ, ಆದರೆ ಅದು ರೂಢಿ ಎಂಬುದನ್ನು ಮರೆಯಬೇಡಿ.

ಮುಂದಿನ ಸಂಚಿಕೆಗೆ ಒಂದು ಪ್ರಶ್ನೆ. ಸೊನ್ನೆ ಸ್ವಾಭಾವಿಕ ಸಂಖ್ಯೆಯೇ? ನಮ್ಮ ಶಾಲಾ ಪುಸ್ತಕಗಳಲ್ಲಿ ಸ್ವಾಭಾವಿಕ ಸಂಖ್ಯೆಗಳು 1ರಿಂದ ಶುರು. ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆಗಳು. ಫ್ರಾನ್ಸಿನ ಮಕ್ಕಳು ಸೊನ್ನೆಯಿಂದಲೇ ಶುರು ಮಾಡುತ್ತಾರೆ. ಇಟಲಿಯ ಪಿಯಾನೊ 1889ರಲ್ಲಿ ತನ್ನ ಪ್ರಸಿದ್ಧ ಸ್ವಯಂಸಿದ್ಧಗಳನ್ನು 1ರಿಂದ ಆರಂಭಿಸಿ, ಮುಂದೆ ಸೊನ್ನೆಗೆ ಬದಲಾಯಿಸಿದ. ನಿಮ್ಮ ಆಯ್ಕೆ ಯಾವುದು, ಯಾಕೆ ಎಂಬುದನ್ನು ಒಂದು ಪುಟ ಮೀರದಂತೆ ಬರೆದು ಕಳಿಸಿ. ಉತ್ತರಕ್ಕೆ ಅಂಕವಿಲ್ಲ, ಕಾರಣಕ್ಕೆ ಮಾತ್ರ.